ಅಕ್ಕ ಮನೆಗೆ ಬಂದ ಮೆಣಸಿನಕಾಯಿ ಸುಗ್ಗಿ

ಮೋಟೆಬೆನ್ನೂರಿನಿಂದ ಬಸ್ಸು ಬ್ಯಾಡಗಿಯ ಕಡೆ ಹೊರಳಿತೆಂದರೆ, ಸುಗ್ಗಿಯ ದಿನಗಳಲ್ಲಿ ಯಾರೂ ಊರಿನ ಬೋರ್ಡು ಓದಬೇಕಾಗಿಲ್ಲ. ಮೊದಲು ಮೂಗಿನ ತುದಿ ಚುರುಗುಟ್ಟುತ್ತದೆ, ಆಮೇಲೆ ಗಂಟಲು. ಒಬ್ಬರು ಸೀನಿದರೆ ಹಿಂದಿನ ಸೀಟಿನವರೂ ಸೀನುತ್ತಾರೆ. ಮೊನ್ನೆ ಹಾವೇರಿಯಿಂದ ನಾನೂ ಹಾಗೆ ಸೀನುತ್ತ ಬಂದು ಇಳಿದೆ. ಮಾರುಕಟ್ಟೆಯ ಹೊರಗೆ ಲಾರಿಗಳು ಸಾಲುಗಟ್ಟಿದ್ದವು. ಚೀಲದ ಬಾಯಿ ಹರಿದು ರಸ್ತೆಗೆ ಚೆಲ್ಲಿದ್ದ ಕೆಂಪು ಮೆಣಸಿನಕಾಯಿಯನ್ನು ಇಬ್ಬರು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಬಾಚುತ್ತಿದ್ದರು. ಆ ಘಾಟು ಎದೆಗಿಳಿದದ್ದೇ ತಡ, ನಾಲ್ಕು ವರ್ಷ ಮನೆಗೆ ಬಾರದಿದ್ದ ಅಕ್ಕ ಬಂದು ನಿಂತ ಆ ಸುಗ್ಗಿ ನೆನಪಾಯಿತು.

ಆ ವರ್ಷ ಸಂಕ್ರಾಂತಿಯ ಹಿಂದಿನ ವಾರ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ನಾನು ಹಾವೇರಿಯ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವವಳು, ದಿನಾ ಹೋಗಿ ಬರಬೇಕು. ಹಾಸಿಗೆ ಹಿಡಿದವಳನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ ಎಂದು ಚಿಂತೆಯಲ್ಲಿದ್ದಾಗ ಬೆಂಗಳೂರಿನಿಂದ ಅಕ್ಕನ ಫೋನು ಬಂತು.

"ಶೈಲಾ, ನಾ ಬರ್ತೀನಿ. ಎರಡು ತಿಂಗಳು ರಜಾ ಹಾಕೇನಿ. ಅವ್ವಗ ಮೊದಲ ಹೇಳಬ್ಯಾಡ. ಬ್ಯಾಡ ಅಂದಾಳು."

ಅವ್ವ ಬೇಡ ಎನ್ನುವುದಕ್ಕೆ ಕಾರಣವಿತ್ತು. ಅಕ್ಕ ನಿರ್ಮಲಾ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸು. ಅಪ್ಪ ತೀರಿಕೊಂಡ ದಿನ ಅವಳು ವಾರ್ಡಿನಲ್ಲಿ ಬೇರೆ ಯಾರದೋ ಅಪ್ಪನ ತಲೆದೆಸೆಯಲ್ಲಿ ನಿಂತಿದ್ದಳು. ಬ್ಯಾಡಗಿ ಮುಟ್ಟುವಷ್ಟರಲ್ಲಿ ಅಪ್ಪನ ಮಣ್ಣು ಮುಗಿದಿತ್ತು. ಅದಾದ ವರ್ಷ ಎದೆಗೆ ಹೆಸರಿನ ಕರಿಪಟ್ಟಿ ಹಾಕಿಕೊಂಡ ಇಬ್ಬರು ಹುಡುಗಿಯರು ಅವಳಿದ್ದ ವಸತಿಗೃಹಕ್ಕೆ ಬಂದಿದ್ದರಂತೆ. ಧರ್ಮ ಹೇಳಲು ಬಂದವರನ್ನು ಅಕ್ಕ ಒಂದೇ ಪ್ರಶ್ನೆ ಕೇಳಿದ್ದಳು: ಸತ್ತವರು ಎಲ್ಲಿರುತ್ತಾರೆ, ಅವರನ್ನು ಮತ್ತೆ ನೋಡಬಹುದೇ? ಅವರು ಕೊಟ್ಟ ಉತ್ತರದ ಬೆನ್ನು ಹತ್ತಿ ಅವಳು ಅವರ ಸಭೆಗೆ ಹೋದಳು, ಒಂದು ದಿನ ದೀಕ್ಷೆಯನ್ನೂ ತಗೊಂಡಳು. ಲಿಂಗಾಯತರ ಮನೆಯ ಹಿರಿಮಗಳು ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವೊಂದಕ್ಕೆ ಸೇರಿ ಮಾರ್ಮನ್ ಆದಳು.

ಆ ಶಬ್ದವನ್ನೇ ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಕುಮಾರಪಟ್ಟಣದ ಕಾರ್ಖಾನೆಯಿಂದ ನಿವೃತ್ತರಾಗಿ ರಾಣೆಬೆನ್ನೂರಿನಲ್ಲಿದ್ದ ನಮ್ಮ ಕಾಕಾ ಅದನ್ನು ಜರ್ಮನ್ ಎಂದು ಕೇಳಿಸಿಕೊಂಡು, "ನರ್ಸಿನ ನೌಕರಿ ಸಿಕ್ಕಿತೇನು ಅಲ್ಲೆ?" ಎಂದು ಖುಷಿಪಟ್ಟಿದ್ದರು. ವಿಷಯ ತಿಳಿದ ಮೇಲೆ ಒಂದು ತಿಂಗಳು ನಮ್ಮ ಮನೆಗೆ ಕಾಲಿಡಲಿಲ್ಲ. ಅವ್ವ ಕೂಗಾಡಲಿಲ್ಲ. "ನಿಮ್ಮಪ್ಪ ಕೊಟ್ಟ ಲಿಂಗ ಬ್ಯಾಡಾದ್ರ ನಿಮ್ಮಪ್ಪ ಕಟ್ಟಿದ ಮನೀನೂ ಬ್ಯಾಡಾಗಲಿ" ಎಂದು ಫೋನು ಇಟ್ಟುಬಿಟ್ಟಳು. ಆಮೇಲೆ ಅಕ್ಕ ಫೋನು ಮಾಡಿದರೆ ಅವ್ವ ಎತ್ತುತ್ತಿದ್ದಳು, ಊಟ ಆಯಿತಾ ಎಂದು ಕೇಳುತ್ತಿದ್ದಳು, ಬಾ ಎನ್ನುತ್ತಿರಲಿಲ್ಲ.

ಅಕ್ಕ ಬೆಳಗಿನ ರೈಲಿಗೆ ಬಂದಿಳಿದಳು. ಚೀಲ ಕೆಳಗಿಟ್ಟು, ಕೈಕಾಲು ತೊಳೆದು, ನೇರವಾಗಿ ಅವ್ವನ ಮಂಚದ ಹತ್ತಿರ ಹೋಗಿ ಅವಳ ಹಿಮ್ಮಡಿ ಮುಟ್ಟಿ ನೋಡಿದಳು. "ಒಂದ ಮಗ್ಗಲಾಗ ಮಲಗಿಸೀಯಲ್ಲ ಶೈಲಾ, ಹುಣ್ಣಾಗತೈತಿ" ಎಂದವಳೇ ದಿಂಬು ಸರಿಸಿ, ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಗೆ ಕೊಟ್ಟು ಅವ್ವನನ್ನು ಮಗುವಿನ ಹಾಗೆ ಹೊರಳಿಸಿದಳು. ಅವ್ವನಿಗೆ ಅಳು ಬಂತೋ ನೋವು ತಡೆಯದಾಯಿತೋ, ಕಣ್ಣು ಮುಚ್ಚಿದಳು. ಆಮೇಲೆ "ಅಕಿಗೆ ಚಾ ಕೊಡು" ಎಂದಳು ನನಗೆ.

"ಚಾ ನಾ ಕುಡ್ಯಾಂಗಿಲ್ಲವ್ವಾ," ಎಂದಳು ಅಕ್ಕ. "ನಮ್ಮೊಳಗ ಚಾ, ಕಾಫಿ, ಸೆರೆ, ತಂಬಾಕು ಯಾವುದೂ ಇಲ್ಲ."

"ನನ್ನ ಮನಿ ಚಾನೂ ನಿನಗ ಮೈಲಿಗಿ ಆತೇನು?"

"ಚಾ ಅಷ್ಟ ಬ್ಯಾಡವ್ವಾ. ನೀ ಬೇಕು."

ಅವ್ವ ಮುಖ ಹೊರಳಿಸಿದಳು. ಅಕ್ಕ ಒಳಗೆ ಹೋಗಿ ಜೀರಿಗೆ, ಕೊತ್ತಂಬರಿ ಕುಟ್ಟಿ ಬೆಲ್ಲ ಹಾಕಿ ಕಷಾಯ ಕಾಸಿದಳು. ಮೂರು ಲೋಟ ತಂದಳು. ಅವ್ವ ತನ್ನದನ್ನು ಆರಲು ಬಿಟ್ಟಳು. ಎರಡು ವಾರ ಹೀಗೇ ನಡೆಯಿತು. ಮೈ ತೊಳೆಸಿಕೊಳ್ಳುವಾಗ ಮಗಳ ಕೈ ಬೇಕು, ಉಳಿದಂತೆ ಮಾತಿಲ್ಲ.

ಆ ದಿನಗಳಲ್ಲಿ ನಾನೂ ಅಷ್ಟೇನು ಒಳ್ಳೆಯವಳಾಗಿ ನಡೆದುಕೊಳ್ಳಲಿಲ್ಲ. ಹದಿನೈದು ವರ್ಷ ದರ್ಶನಗಳನ್ನು ಕಲಿಸಿದವಳಿಗೆ ಅಕ್ಕನ ನಂಬಿಕೆ ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಕಂಡಿತ್ತು. ಒಂದು ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಇಬ್ಬರೂ ವರ್ಷದ ಖಾರದ ಪುಡಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ಅವ್ವ ಒಳಗೆ ಮಲಗಿದ್ದಳು.

"ನೀವು ಮಾರ್ಮನ್ನರು ದೇವರಿಗೂ ಕೈಕಾಲು ಅದಾವ ಅಂತೀರಂತಲ್ಲ?" ಎಂದೆ.

"ಆ ಹೆಸರಿಲೆ ಈಗ ನಾವು ಕರಕೊಳ್ಳಾಂಗಿಲ್ಲ. ಇರಲಿ ಬಿಡು. ಹೂಂ, ಶರೀರ ಐತಿ. ಸಾವಿಲ್ಲದ ಶರೀರ."

"ಶರೀರ ಇದ್ದದ್ದು ಒಂದ ಕಡೆ ಇದ್ರ ಇನ್ನೊಂದು ಕಡೆ ಇರಾಂಗಿಲ್ಲ. ಮಿತಿ ಇದ್ದದ್ದು ದೇವರು ಹೆಂಗ ಆಗತೈತಿ? ಮತ್ತ ಮನಶ್ಯಾನೂ ಬೆಳಕೋತ ಬೆಳಕೋತ ದೇವರಂಗ ಆಗಬಹುದು ಅಂತೀರಿ. ಹಂಗಾರ ದೇವರಿಗೂ ಮನಶ್ಯಾಗೂ ಇರೂ ಫರಕು ಏನು?"

ಅಕ್ಕ ಖಾರದ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. "ನಿನ್ನ ಹುಡುಗರಿಗೆ ಕಲಿಸಿದಂಗ ನನಗ ಕಲಸಬ್ಯಾಡ ಶೈಲಾ. ಹದಿನೆಂಟು ವರ್ಷ ನಾ ಮಂದಿ ಮೈ ತೊಳದೀನಿ. ಹುಣ್ಣು, ರಕ್ತ, ಬಾಣಂತಿ, ಹೆಣ. ಶರೀರ ಅಂದ್ರ ಹಳೆ ಅಂಗಿ, ಬಿಚ್ಚಿ ಒಗದು ಹೋಗೂದು ಅಂತ ನನಗ ಎಂದೂ ಅನಿಸಲಿಲ್ಲ. ದೇವರಿಗೂ ಮೈ ಐತಿ ಅಂತ ಅವರು ಹೇಳಿದಾಗ ನನಗ ಸಮಾಧಾನ ಆತು. ನಾ ಮಾಡಿದ ಕೆಲಸ ಹೊಲಸು ಕೆಲಸ ಅಲ್ಲ ಅನಿಸ್ತು."

ನಾನು ಬಿಡಲಿಲ್ಲ. "ನಮ್ಮೊಳಗ ಐಕ್ಯ ಅಂತೀವಿ. ಹನಿ ಹೋಗಿ ಸಮುದ್ರ ಸೇರತೈತಿ. ಅಪ್ಪ ಲಿಂಗೈಕ್ಯ ಆದ ಅಂತ ಕಾರ್ಡಿನ ಮ್ಯಾಲೆ ಹಾಕಿಸಿದ್ವಿ. ಅದಕ್ಕಿಂತ ದೊಡ್ಡದು ಏನ ಸಿಕ್ಕಿತು ನಿನಗ?"

"ದೊಡ್ಡದು ಸಣ್ಣದು ನನಗ ಗೊತ್ತಿಲ್ಲ. ಸಮುದ್ರ ಸೇರಿದ ಹನಿ ನಾ ಹೆಂಗ ಗುರ್ತು ಹಿಡೀಲಿ? ನನಗ ಅಪ್ಪ ಬೇಕು. ಅವನ ಕೆಮ್ಮು, ಅವನ ಸಿಟ್ಟಿನ ಸಮೇತ ಅಪ್ಪನ ಬೇಕು. ಸತ್ತ ಮ್ಯಾಲೂ ಗಂಡ ಹೆಂಡತಿ, ತಾಯಿ ಮಕ್ಕಳು ಅಂತ ಕೂಡಿ ಇರಬಹುದು ಅಂತ ನಮ್ಮೊಳಗ ಹೇಳತಾರ. ಅದಕ್ಕ ಹೋದೆ."

ಅವಳ ಮಾತು ನನ್ನನ್ನು ತಟ್ಟಿತು. ತಟ್ಟಿದ್ದಕ್ಕೇ ಇನ್ನೊಂದು ಚುಚ್ಚಿದೆ. ಅವರ ಧರ್ಮದಲ್ಲಿ ಬಹಳ ಕಾಲ ಕರಿಯರಿಗೆ ಪೌರೋಹಿತ್ಯವನ್ನು ಕೊಟ್ಟಿರಲಿಲ್ಲ ಎಂದು ಓದಿದ್ದೆ. ಅದನ್ನು ಹೇಳಿದೆ. ಅಕ್ಕ ಸಿಟ್ಟಾಗಲಿಲ್ಲ. "ಖರೇ. ಆಮ್ಯಾಲೆ ಬದಲಾತು, ಆದ್ರ ಇತ್ತು. ಅದು ನನಗೂ ಎದಿಯೊಳಗ ಕಲ್ಲು ಇಟ್ಟಂಗ ಆಗೇತಿ. ಹಿರೇರನ್ನ ಕೇಳೀನಿ, ಪೂರಾ ಸಮಾಧಾನ ಆಗಿಲ್ಲ. ಆದ್ರ ನಮ್ಮ ಹಿತ್ತಲ ಗ್ವಾಡಿಮ್ಯಾಲೆ ಅಮ್ಮ ಒಂದು ಲೋಟ ಬ್ಯಾರೆ ಇಡತಿದ್ಲಲ್ಲ, ಆಳಿನ ಲೋಟ? ಅದನ್ನ ನೋಡಿನೂ ನೀ ಈ ಮನಿ ಬಿಟ್ಟು ಹೋಗಲಿಲ್ಲ."

ನಮ್ಮ ಅಜ್ಜಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು. ಆ ಲೋಟ ನನಗೆ ಚೆನ್ನಾಗಿ ನೆನಪಿತ್ತು. ನಾನು ಮತ್ತೆ ತೊಟ್ಟು ಬಿಡಿಸತೊಡಗಿದೆ.

ಮಾರ್ಚಿನ ಮೊದಲ ಭಾನುವಾರ ಮನೆಯ ಗಾಳಿ ಸ್ವಲ್ಪ ಬದಲಾಯಿತು. ಪ್ರತಿ ತಿಂಗಳ ಮೊದಲ ಭಾನುವಾರ ಅಕ್ಕನದು ಉಪವಾಸ. ಎರಡು ಹೊತ್ತಿನ ಊಟ ಬಿಟ್ಟು, ಅದನ್ನು ಇಲ್ಲದವರಿಗೆ ಕೊಡಬೇಕು. ಅವತ್ತು ಪಕ್ಕದ ಮನೆಯ ಹಸೀನಾಬಿ ಅವ್ವನನ್ನು ನೋಡಲು ಬಂದಳು. ಅವಳದೂ ರಂಜಾನಿನ ರೋಜಾ ನಡೆದಿತ್ತು. ಅಕ್ಕ ನೀರೂ ಮುಟ್ಟಿಲ್ಲ ಎಂದು ತಿಳಿದು ಹಸೀನಾಬಿಗೆ ಅಚ್ಚರಿ.

"ಅಲ್ಲವಾ ನಿರ್ಮಲಾ, ಇಂಥ ಬಿಸಲಾಗ ಹೆಣ್ಣಮಗಳನ್ನ ಹೊರಳಿಸಿ, ಎಬ್ಬಿಸಿ, ತೊಳದು, ನೀರಿಲ್ದ ಕುಂತೀಯಲ್ಲ!" ಎಂದವಳು ಅವ್ವನ ಕಡೆ ತಿರುಗಿದಳು. "ಗಂಗವ್ವಾ, ನಿನ್ನ ಮಗಳು ಧರ್ಮ ಬಿಟ್ಟಾಳ ಅಂತ ಅಳತೀದಿ. ಬಿಟ್ಟವರು ಹಿಂಗ ಇರ್ತಾರೇನು?"

 ಸಂಜೆ ಅಕ್ಕ ಉಪವಾಸ ಬಿಡುವ ಹೊತ್ತಿಗೆ ಅವ್ವ ನನಗೆ "ಅಕಿಗೆ ಬಿಸಿ ರೊಟ್ಟಿ ಬಡದು ಕೊಡು, ಆರಿದ್ದು ಬ್ಯಾಡ" ಎಂದಳು. ಅಂದು ರಾತ್ರಿಯ ಕಷಾಯವನ್ನೂ ಕುಡಿದಳು.

ಇನ್ನು ಸರಿಹೋಯಿತು ಎಂದುಕೊಂಡಿದ್ದೆ. ಆ ವಾರವೇ ಹೆಳವ ಬಂದ.

ಹೆಳವರೆಂದರೆ ನಮ್ಮ ಕಡೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡವರು. ಕೆಲವು ವರ್ಷಗಳಿಗೊಮ್ಮೆ ಬಂದು, ಹಿರಿಯರ ಹೆಸರುಗಳನ್ನು ಗಟ್ಟಿಯಾಗಿ ಓದಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ ಪಡೆದು ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ನಮ್ಮ ಮನೆಯ ಹೆಳವ ಫಕೀರಪ್ಪ ಆ ಸಲ ಮೋಟರ್ ಸೈಕಲ್ಲಿನ ಮೇಲೆ ಬಂದ. ಸುದ್ದಿ ತಿಳಿದು ಕಾಕಾನೂ ರಾಣೆಬೆನ್ನೂರಿನಿಂದ ಬಂದರು. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಪಡಸಾಲೆಗೆ ತಂದೆವು.

ಫಕೀರಪ್ಪ ಎಣ್ಣೆ ಹಿಡಿದ ದಪ್ಪ ಪುಸ್ತಕ ಬಿಚ್ಚಿ, ರಾಗ ಎಳೆದು, ಮೂಲಪುರುಷ ಕಲ್ಲಪ್ಪನಿಂದ ಶುರು ಮಾಡಿದ. ಕಲ್ಲಪ್ಪನ ಮಗ ವೀರಪ್ಪ, ವೀರಪ್ಪನ ಮಕ್ಕಳು ಮೂವರು. ಎಲ್ಲಿಂದ ಬಂದರು, ಯಾವ ಊರಲ್ಲಿ ನೆಲೆ ನಿಂತರು, ಯಾರು ಮಕ್ಕಳಿಲ್ಲದೆ ಹೋದರು. ನಾನು ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೆ. ಅಕ್ಕ ಮಾತ್ರ ನೆಲದ ಮೇಲೆ ಕೂತು, ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು, ಒಂದೊಂದೇ ಹೆಸರನ್ನು ಬರೆದುಕೊಳ್ಳುತ್ತಿದ್ದಳು. "ಸಾವಕಾಶ ಹೇಳ್ರಿ. ವೀರಪ್ಪನ ಹೆಂಡತಿ ಹೆಸರು ಇಲ್ಲೇನ್ರಿ?" ಎಂದು ನಡುವೆ ಕೇಳಿದಳು.

ಕಾಕಾ ಅವಳ ಕೈ ನೋಡಿದರು. "ಯಾಕ ಬರಕೊಳ್ಳಾಕತ್ತೀದಿ ನೀ?"

"ಇರಲಿ ಅಂತ, ಕಾಕಾ."

"ಇರಲಿ ಅಂತ ಅಲ್ಲ, ನನಗೂ ಓದಾಕ ಬರತೈತಿ. ನಿಮ್ಮ ಮಂದಿ ಸತ್ತವರ ಹೆಸರಿಲೆ ನೀರಾಗ ಮುಳುಗಿ ಅವರನ್ನೂ ನಿಮ್ಮ ಧರ್ಮಕ್ಕ ಸೇರಿಸ್ಕೋತಾರ. ಬದುಕಿದ್ದವರು ಸಾಲಲಿಲ್ಲ ಅಂತ ಹೆಣಗೋಳನ್ನೂ ಒಯ್ತೀರೇನು? ಫಕೀರಪ್ಪ, ಹೊತ್ತಿಗಿ ಮುಚ್ಚು!"

ಫಕೀರಪ್ಪ ಪುಸ್ತಕದ ಮೇಲೆ ಅಂಗೈ ಇಟ್ಟ. "ಹೆಸರು ಉಳಿಸೂದು ನಮ್ಮ ಕಾಯಕ್ರಿ, ಸಾವಕಾರ್ರ. ಯಾರ ಉಳಿಸಿದ್ರೂ ನನಗ ಸಿಟ್ಟಿಲ್ಲ. ಆದ್ರ ಮನಿ ಹಿರೇರು ಬ್ಯಾಡಂದ್ರ ನಾ ಓದಾಂಗಿಲ್ಲ. ತಾಯಿ, ನೀವು ಹೇಳ್ರಿ."

ಎಲ್ಲರೂ ಅವ್ವನ ಕಡೆ ನೋಡಿದೆವು. ಅವ್ವ ಕುರ್ಚಿಯ ಕೈ ಹಿಡಿದುಕೊಂಡಿದ್ದಳು. "ನಿರ್ಮಲಾ," ಎಂದಳು, "ನಿಮ್ಮಪ್ಪನ ಹೆಸರಿಲೆ ಅದನ್ನ ಮಾಡಿಸಿ ಬಿಟ್ಟೀಯೇನು?"

ಅಕ್ಕ ತಲೆ ತಗ್ಗಿಸಿದಳು. ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ನೋಟುಬುಕ್ಕು ಮುಚ್ಚಿ ಎದ್ದು ಒಳಗೆ ಹೋದಳು. ಫಕೀರಪ್ಪ ಮುಂದೆ ಓದಲಿಲ್ಲ. ಕಾಕಾ "ನೋಡಿದ್ರಲ್ಲ ವೈನಿ, ಮಾತಾಡಲಿಲ್ಲ" ಎಂದು ಊಟವನ್ನೂ ಮಾಡದೆ ಹೋದರು.

ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವ್ವ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಅಕ್ಕ ಮೈ ತೊಳೆಸಲು ಹೋದರೆ "ಶೈಲಾನ್ನ ಕಳಸು" ಎನ್ನುತ್ತಿದ್ದಳು. ನನಗೂ ಸಂಶಯ ಗಟ್ಟಿಯಾಗುತ್ತ ಹೋಯಿತು. ಮಾಡಿಸಿಲ್ಲವಾದರೆ ಹೇಳಲಿಕ್ಕೇನು?

ಮೂರನೆಯ ದಿನ ಅಕ್ಕ ಔಷಧ ತರಲು ಅಂಗಡಿಗೆ ಹೋದಾಗ ನಾನು ಅವಳ ಚೀಲ ತೆಗೆದೆ. ಇವತ್ತಿಗೂ ಅದನ್ನು ಹೇಳುವಾಗ ಮುಖ ಬಿಸಿಯಾಗುತ್ತದೆ. ಬಟ್ಟೆಗಳ ಕೆಳಗೆ ನೀಲಿ ರಟ್ಟಿನ ಅವಳ ಗ್ರಂಥ, ಅದರೊಳಗೆ ನಾಲ್ಕು ಮಡಿಕೆಯ ಹಾಳೆ. ಅಪ್ಪನ ಹೆಸರು, ಹುಟ್ಟಿದ ಊರು, ಮದುವೆಯಾದ ವರ್ಷ, ಹೋದ ದಿನ, ಎಲ್ಲವೂ ಅಕ್ಕನ ದುಂಡು ಅಕ್ಷರದಲ್ಲಿ. ಮಡಿಕೆಯ ಗೆರೆಗಳು ಸವೆದು ಹರಿಯುವಂತಾಗಿದ್ದವು. ಕೆಳಗೆ ಒಂದು ಸಾಲು: "ಅವ್ವನ ಒಪ್ಪಿಗೆ: ಇನ್ನೂ ಕೇಳಿಲ್ಲ." ಉಳಿದದ್ದೆಲ್ಲ ಖಾಲಿ.

ಅಕ್ಕ ಬರುವಷ್ಟರಲ್ಲಿ ಹಾಳೆಯನ್ನು ಇದ್ದಂತೆ ಇಡಬಹುದಿತ್ತು. ಕೈಯಲ್ಲಿ ಹಿಡಿದುಕೊಂಡೇ ಕೂತೆ. ಅವಳು ಬಾಗಿಲಲ್ಲಿ ನಿಂತು ನನ್ನನ್ನೂ ಹಾಳೆಯನ್ನೂ ನೋಡಿದಳು.

"ತಪ್ಪಾತಕ್ಕಾ," ಎಂದೆ. "ಆದ್ರ ನೀ ಯಾಕ ಅವತ್ತ ಹೇಳಲಿಲ್ಲ, ಮಾಡಿಸಿಲ್ಲ ಅಂತ?"

ಅವಳು ಔಷಧದ ಪೊಟ್ಟಣ ಕಪಾಟಿನ ಮೇಲಿಟ್ಟು ಪಕ್ಕದಲ್ಲಿ ಕೂತಳು. "ಮಾಡಿಸಿಲ್ಲ ಅಂದ್ರ, ಮಾಡಿಸಬ್ಯಾಡ ಅಂತ ಅವ್ವ ಅಲ್ಲೇ ಹೇಳಬೇಕಾಗತಿತ್ತು. ಕಾಕಾನ ಮುಂದ, ಹೆಳವನ ಮುಂದ ಆಕಿಗೆ ಬ್ಯಾರೆ ಮಾತು ಆಡಾಕ ಬರತಿದ್ದಿಲ್ಲ. ಒಮ್ಮೆ ಅಂದ್ಲು ಅಂದ್ರ ಮುಗೀತು. ಇತ್ತೀಚಿಗೆ ಸತ್ತವರದು ಹತ್ತಿರದ ಸಂಬಂಧಿ ಒಪ್ಪದ ಮಾಡಬಾರದು ಅಂತ ನಮ್ಮೊಳಗ ನೇಮ ಐತಿ. ನೇಮ ಇರದಿದ್ರೂ ನಾ ಮಾಡತಿದ್ದಿಲ್ಲ. ಅಪ್ಪ ಆಕೀ ಗಂಡ. ನಾಲ್ಕು ವರ್ಷ ಕೇಳೂ ಧೈರ್ಯ ಬರಲಿಲ್ಲ, ಅಷ್ಟ."

ನನ್ನ ಎದೆಯಿಂದ ಏನೋ ಕಳಚಿ ಬಿದ್ದಂತಾಯಿತು. ನಾನು ಹೊತ್ತುಕೊಂಡಿದ್ದ ಸಂಶಯಕ್ಕೆ ಅಷ್ಟು ಭಾರವಿತ್ತೆಂದು ಅದು ಇಳಿದ ಮೇಲೆಯೇ ಗೊತ್ತಾಯಿತು. ಅವಳ ಭುಜಕ್ಕೆ ತಲೆಯಿಟ್ಟೆ. ಅವಳು "ಹುಚ್ಚಿ" ಎಂದಳು.

"ಈಗ ಕೇಳು," ಎಂದೆ. "ಕಾಕಾ ಇಲ್ಲ. ನಾನೂ ಹೊರಗ ಹೋಗ್ತೀನಿ."

"ನೀ ಇರು. ನನಗ ಅಂಜಿಕಿ ಬರತೈತಿ."

ಮರುದಿನ ಬೆಳಿಗ್ಗೆ ಅವ್ವನನ್ನು ವಾಕರ್ ಹಿಡಿಸಿ ಅಂಗಳದಲ್ಲಿ ನಡೆಸುವ ಹೊತ್ತು. ಅವ್ವ ನನ್ನ ಕೈ ಹಿಡಿದಿದ್ದಳು. ಅಕ್ಕ ಎದುರಿಗೆ ಹಿಂದೆಹಿಂದೆ ಹೆಜ್ಜೆ ಇಡುತ್ತ, ಕೈ ಚಾಚಿಕೊಂಡು, "ಅವ್ವಾ, ಅಪ್ಪನ ಹೆಸರಿಲೆ ನಾ ಏನೂ ಮಾಡಿಸಿಲ್ಲ. ನಿನ್ನ ಕೇಳದ ಮಾಡಿಸಾಂಗಿಲ್ಲ" ಎಂದಳು.

ಅವ್ವ ನಿಂತಳು. "ಖರೇ?"

"ಖರೇ. ನೀ ಬ್ಯಾಡಂದ್ರ ಎಂದೂ ಇಲ್ಲ."

ಅವ್ವ ಅಂಗಳದ ಕಟ್ಟೆಯವರೆಗೆ ನಡೆದು ಕೂತಳು. ಉಸಿರು ತಿರುಗಿಸಿಕೊಂಡಳು. ಬೀದಿಯಲ್ಲಿ ಚೀಲ ಹೇರಿದ ಟ್ರ್ಯಾಕ್ಟರೊಂದು ಹೋಯಿತು, ಮೂವರೂ ಸೀನಿದೆವು. ಸೆರಗಿನಿಂದ ಕಣ್ಣು ಒರೆಸಿಕೊಂಡು ಅವ್ವ ಕೇಳಿದಳು: "ಅದು ಮಾಡಿದ್ರ ನಿಮ್ಮಪ್ಪ ಲಿಂಗಾಯತ ಅಲ್ಲ ಅಂತ ಆಗತೈತೇನು?"

"ಹಂಗಲ್ಲವ್ವಾ. ಇಲ್ಲಿ ಒಬ್ಬರು ಅಪ್ಪನ ಹೆಸರು ಹೇಳಿಸಿಕೊಂಡು ನೀರಾಗ ಮುಳುಗಿ ಏಳ್ತಾರ. ಅಪ್ಪ ಎಲ್ಲಿದ್ದಾನೋ ಅಲ್ಲಿ ಅವನಿಗೆ ಅದು ತಿಳಿತೈತಿ ಅಂತ ನಮ್ಮ ನಂಬಿಗಿ. ಕರದಂಗ ಅಷ್ಟ. ಬೇಕಂದ್ರ ಬರ್ತಾನ. ಒಲ್ಲೆ ಅಂದ್ರ ಇಲ್ಲ."

"ಸತ್ತವರು ಒಲ್ಲೆ ಅನ್ನಾಕ ಬರತೈತಿ?"

"ಬರತೈತಿ. ಅಲ್ಲೂ ಯಾರನ್ನೂ ಬಲವಂತ ಮಾಡಾಂಗಿಲ್ಲ."

ಅವ್ವ ನನ್ನ ಕಡೆ ನೋಡಿದಳು, ನಾನು ಕಲಿತವಳೆಂದು. ಹೌದೇ ಎಂದು ಕಣ್ಣಲ್ಲೇ ಕೇಳಿದಳು. "ಅವರು ಹಂಗ ನಂಬ್ತಾರವ್ವಾ, ಓದೀನಿ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಶಾಸ್ತ್ರದಲ್ಲೂ ಏನೂ ಇರಲಿಲ್ಲ.

"ನನ್ನ ಚಿಂತಿ ಬ್ಯಾರೆ ಇತ್ತು," ಎಂದಳು ಅವ್ವ. "ನೀ ಒಂದು ದಾರಿಲೆ ಹೋದಿ. ನಾ ಸತ್ತ ಮ್ಯಾಲೆ ನೀ ಒಂದು ಊರಾಗ, ನಾವು ಒಂದು ಊರಾಗ ಆಗ್ತೀವೇನೋ ಅಂತ. ಅದನ್ನ ಯಾರಿಗೆ ಕೇಳೂದು? ನಾಲ್ಕು ವರ್ಷ ಅದ ಚಿಂತಿ."

ಅಕ್ಕ ನೆಲಕ್ಕೆ ಕೂತು ಅವ್ವನ ಮೊಣಕಾಲಿಗೆ ಮುಖ ಒತ್ತಿದಳು. "ಯವ್ವಾ, ನನಗೂ ಅದ ಚಿಂತಿ. ಅದಕ್ಕ ಇಷ್ಟೆಲ್ಲಾ."

"ಹಂಗಾರ ಮಾಡಸು. ಕರದಂಗ ಅಂದಿ, ಕರಿ. ನಿಮ್ಮ ಕಾಕಾಗ ನಾ ಹೇಳತೀನಿ." ಅಂದ ಹಾಗೆಯೇ ಮಧ್ಯಾಹ್ನ ನನ್ನ ಕೈಯಿಂದ ಫೋನು ಮಾಡಿಸಿ, "ನನ್ನ ಗಂಡನ ವಿಷಯ ನಾ ನೋಡಿಕೋತೀನಿ. ನೀ ಬಂದು ಊಟ ಮಾಡಿ ಹೋಗು, ಅವತ್ತ ಹಸಗೊಂಡು ಹೋಗೀದಿ" ಎಂದು ಕಾಕಾನಿಗೆ ಹೇಳಿದಳು. ಕಾಕಾ ಮುಂದಿನ ವಾರ ಬಂದರು. ಅಕ್ಕನೊಡನೆ ಮಾತಾಡಲಿಲ್ಲ, ಆದರೆ ಅವಳು ಬಡಿಸಿದ್ದನ್ನು ಉಂಡರು.

ಮೆಣಸಿನಕಾಯಿ ಲಾರಿಗಳು ಕಡಿಮೆಯಾಗುವ ಹೊತ್ತಿಗೆ ಅವ್ವ ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಿದ್ದಳು. ಅಕ್ಕ ಹೊರಡುವ ದಿನ ಅವ್ವ "ದೀಪಾವಳಿಗೆ ಬಾ" ಎಂದಳು. ನಾಲ್ಕು ವರ್ಷದಲ್ಲಿ ಆ ಶಬ್ದ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಅವರ ಮಂದಿರದೊಳಗೇ ಆಗಬೇಕಾದ ಕೆಲಸವದು. ಆಗ ಅದಕ್ಕೆ ದೇಶ ಬಿಟ್ಟು ಹೋಗಬೇಕಿತ್ತು. ಅಕ್ಕ ತನ್ನ ಸಭೆಯವರ ಜೊತೆ ಹೊರಟದ್ದು ಮಳೆಗಾಲ ಮುಗಿಯುವಾಗ. ಅಲ್ಲಿಂದ ಒಂದು ಬೆಳಿಗ್ಗೆ ಫೋನು ಬಂತು. ನಾನು ಗಟ್ಟಿಯಾಗಿ ಕೇಳುವಂತೆ ಮಾಡಿ ಅವ್ವನ ಕೈಗಿತ್ತೆ.

"ಆತವ್ವಾ," ಎಂದಳು ಅಕ್ಕ. ಅವಳ ದನಿ ಒದ್ದೆಯಾಗಿತ್ತು.

"ಯಾರು ಮುಳುಗಿದ್ರು?"

"ಕೋಲಾರದ ಕಡೆಯವರು ಒಬ್ಬರು, ಸಾಲಿ ಮಾಸ್ತರು. ಅಪ್ಪನ ಹೆಸರು ಪೂರಾ, ಸರಿಯಾಗಿ ಹೇಳಿದ್ರು."

"ನೀರು ತಣ್ಣಗಿದ್ದುವೇನು?"

"ಇಲ್ಲವ್ವಾ, ಬೆಚ್ಚಗಿದ್ದುವು."

"ಪಾಡಾತು," ಎಂದು ಅವ್ವ ಕುರ್ಚಿಗೆ ಒರಗಿದಳು. ಆಮೇಲೆ ಮತ್ತೆ ಮುಂದೆ ಬಾಗಿ, ಫೋನಿಗೆ ಬಾಯಿ ಹತ್ತಿರ ತಂದು, "ಏನಂದ್ರಂತ ನಿಮ್ಮಪ್ಪ?" ಎಂದಳು.

ಅಕ್ಕ ತಡವರಿಸಿದಳು. "ಅದು ನಮಗ ಗೊತ್ತಾಗಾಂಗಿಲ್ಲವ್ವಾ."

ಅವ್ವನ ಮುಖದಲ್ಲಿ ನಗು ಮೂಡಿತು. "ನಲವತ್ತು ವರ್ಷ ಬಾಳೇವು ಮಾಡಿದ ನನಗೂ ಲಗೂನ ಗೊತ್ತಾಗತಿದ್ದಿಲ್ಲ. ಒಂದು ಸೀರಿ ಬೇಕಂದ್ರೂ ನಾಲ್ಕು ದಿನ ತಡದು ಹೂಂ ಅಂತಿದ್ರು. ನೀ ಚಿಂತಿ ಮಾಡಬ್ಯಾಡವಾ, ವಿಚಾರ ಮಾಡಾಕತ್ತಿರಬೇಕು."